ಜರ್ಮನಿಯ ಪಾರ್ಟ್ ಟೈಮ್ ಸಂಬಳವನ್ನು ಊರಿನ ಸಾಲದ ಲೆಕ್ಕಕ್ಕೆ ಸೇರಿಸಬೇಡಿ

ನಮ್ಮ ಬ್ಯಾರಿ ಮನೆಗಳಲ್ಲಿ ‘ಮಗ ಹೊರಗೆ ಇದ್ದಾನೆ’ ಎಂದರೆ ಹಿಂದೆಲ್ಲ ಒಂದೇ ಅರ್ಥ ಇತ್ತು. ದುಬೈ, ಸೌದಿ, ಕತಾರ್, ಒಮಾನ್. ಹೋದ ಎರಡನೇ ತಿಂಗಳಿಗೆ ದುಡ್ಡು ಬರಬೇಕು, ಸಾಲ ತೀರಬೇಕು, ತಂಗಿಯ ಮದುವೆ ಆಗಬೇಕು, ಮನೆಗೆ ತಾರಸಿ ಬೀಳಬೇಕು. ಈಗ ಈ ಪಟ್ಟಿಗೆ ಜರ್ಮನಿಯೂ ಸೇರಿದೆ. ಎಂಜಿನಿಯರಿಂಗ್ ಮುಗಿಸಿದ ನಮ್ಮ ಹುಡುಗರು, ಹುಡುಗಿಯರೂ ಕೂಡ, ಮಾಸ್ಟರ್ಸ್ ಮಾಡಲು ಅಲ್ಲಿಗೆ ಹೋಗುತ್ತಿದ್ದಾರೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ 49,000ಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು ನಮ್ಮ ದೇಶದವರದ್ದೇ.

ಇದು ಸಂತೋಷದ ವಿಷಯ. ಆದರೆ ಹೊರಡುವ ಮೊದಲು ಮನೆಯಲ್ಲಿ ಹಾಕುವ ಲೆಕ್ಕ ಮಾತ್ರ ಹಳೆಯ ಗಲ್ಫ್ ಲೆಕ್ಕವೇ. ‘ಅಲ್ಲಿ ಫೀಸ್ ಇಲ್ಲವಂತೆ ಉಸ್ತಾದರೇ. ಪಾರ್ಟ್ ಟೈಮ್ ಮಾಡಿದರೆ ತಿಂಗಳಿಗೆ ಲಕ್ಷ ಬರುತ್ತದಂತೆ. ಸಾಲದ ಕಂತು ಅವನೇ ಕಟ್ಟುತ್ತಾನೆ’ ಎಂದು ಹೇಳುವ ತಂದೆತಾಯಿ ನಮಗೆ ಸಿಗುತ್ತಲೇ ಇರುತ್ತಾರೆ. ಈ ಮಾತನ್ನು ಬಿಡಿಸಿ ನೋಡುವುದು ಒಳ್ಳೆಯದು. ಯಾಕೆಂದರೆ ಲೆಕ್ಕ ತಪ್ಪಿದರೆ ಕಷ್ಟಕ್ಕೆ ಬೀಳುವುದು ಇಲ್ಲಿ ಲೆಕ್ಕ ಹಾಕಿದವರಲ್ಲ, ಅಲ್ಲಿರುವ ಮಕ್ಕಳು.

ಮೊದಲು ಫೀಸಿನ ವಿಷಯ. ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಎನ್ನುವುದು ನಿಜ. ಆದರೆ ಎಲ್ಲ ಕಡೆಯೂ ಅಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಇರುವ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಉಂಟು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಖಾಸಗಿ ವಿಶ್ವವಿದ್ಯಾಲಯಗಳ ಫೀಸ್ ಕೇಳುವುದೇ ಬೇಡ. ಏಜೆಂಟರು ‘ಜರ್ಮನಿ ಫ್ರೀ’ ಎಂದಾಗ ಯಾವ ರಾಜ್ಯ, ಯಾವ ವಿಶ್ವವಿದ್ಯಾಲಯ, ಸರಕಾರಿಯಾ ಖಾಸಗಿಯಾ ಎಂದು ಕೇಳಿ ತಿಳಿದುಕೊಳ್ಳಬೇಕು.

ಇನ್ನು ಕೆಲಸದ ವಿಷಯ. ನಮ್ಮ ದೇಶದ ವಿದ್ಯಾರ್ಥಿಗೆ ಅಲ್ಲಿ ದುಡಿಯಲು ಕಾನೂನಿನ ಅವಕಾಶ ಉಂಟು, ಆದರೆ ಮಿತಿಯೂ ಉಂಟು. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಮೊದಲು ಇದು 120 ಮತ್ತು 240 ಇತ್ತು. ನಾಲ್ಕು ಗಂಟೆವರೆಗಿನ ಕೆಲಸಕ್ಕೆ ಅರ್ಧ ದಿನ ಲೆಕ್ಕ. ಇನ್ನೊಂದು ದಾರಿ, ಪಾಠ ನಡೆಯುವ ಸಮಯದಲ್ಲಿ ವಾರಕ್ಕೆ 20 ಗಂಟೆವರೆಗೆ ದುಡಿಯುವುದು. ಆಗ ಆ ವಾರಕ್ಕೆ ಎರಡೂವರೆ ದಿನ ಎಂದು ಲೆಕ್ಕ ಹಿಡಿಯುತ್ತಾರೆ. ಪ್ರೊಫೆಸರ್ ಕೈಕೆಳಗೆ, ಲ್ಯಾಬಿನಲ್ಲಿ, ಗ್ರಂಥಾಲಯದಲ್ಲಿ ವಿದ್ಯಾರ್ಥಿ ಸಹಾಯಕನಾಗಿ ಮಾಡುವ ಕೆಲಸಕ್ಕೆ ‘ಹಿವಿ’ ಎನ್ನುತ್ತಾರೆ. ಆ ದಿನಗಳು 140ರ ಲೆಕ್ಕಕ್ಕೆ ಬರುವುದಿಲ್ಲ.

ಕನಿಷ್ಠ ಕೂಲಿ ಇಡೀ ದೇಶಕ್ಕೆ ಒಂದೇ. 2025ರಲ್ಲಿ ಗಂಟೆಗೆ 12.82 ಯೂರೋ ಇದ್ದದ್ದು 2026ರ ಜನವರಿಯಿಂದ 13.90 ಯೂರೋ ಆಗಿದೆ. ವಾರಕ್ಕೆ 20 ಗಂಟೆಯಂತೆ ತಿಂಗಳಿಡೀ ದುಡಿದರೆ ಸುಮಾರು 1,200 ಯೂರೋ. ಅದರಲ್ಲಿ ಪಿಂಚಣಿ ವಂತಿಗೆಗೆ ನೂರಕ್ಕೆ 9.3 ಕಡಿತವಾದರೆ ಕೈಗೆ ಸಿಗುವುದು 1,100ರ ಒಳಗೆ. ಯೂರೋಗೆ ನೂರು ರೂಪಾಯಿ ಹಿಡಿದರೂ ಲಕ್ಷ ದಾಟುತ್ತದೆ. ಹಾಗಾಗಿ ಲಕ್ಷ ಬರುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಲಕ್ಷ ಹೋಗುತ್ತದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ.

ಹೋಗುವುದು ಹೇಗೆ? ವೀಸಾ ಕೊಡುವಾಗಲೇ ಜರ್ಮನ್ ಸರಕಾರ ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಒಂದು ವರ್ಷದ ಖರ್ಚು ಇಡಲು ಹೇಳುತ್ತದೆ. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ, ಅಂದರೆ ತಿಂಗಳಿಗೆ 992. ಒಬ್ಬ ವಿದ್ಯಾರ್ಥಿ ಬದುಕಲು ಕನಿಷ್ಠ ಇಷ್ಟು ಬೇಕು ಎಂದು ಅವರೇ ಹಾಕಿದ ಲೆಕ್ಕ ಇದು. ಆರೋಗ್ಯ ವಿಮೆಗೇ ತಿಂಗಳಿಗೆ 140 ಯೂರೋಗಿಂತ ಹೆಚ್ಚು ಬೇಕು, ಅದೂ ಮೂವತ್ತು ವರ್ಷದ ಒಳಗಿನ ವಿದ್ಯಾರ್ಥಿಗಳ ದರ. ಕೋಣೆ ಬಾಡಿಗೆ, ಊಟ, ಫೋನ್, ಬಸ್ಸು, ಚಳಿಗಾಲದ ಬಟ್ಟೆ ಎಲ್ಲ ಇದರ ಮೇಲೆ. ಮ್ಯೂನಿಕ್‌ನಂತಹ ಊರಲ್ಲಿ ಬಾಡಿಗೆಯೇ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಪೂರ್ವದ ಕೆಮ್‌ನಿಟ್ಸ್, ಮಾಗ್ಡೆಬುರ್ಗ್ ಕಡೆ ಸ್ವಲ್ಪ ಸಲೀಸು, ಆದರೆ ಅಲ್ಲಿ ಜರ್ಮನ್ ಬಾರದವರಿಗೆ ಕೆಲಸ ಸಿಗುವುದು ಕಷ್ಟ.

ಅಂದರೆ ಕಾನೂನು ಬಿಟ್ಟಷ್ಟೂ ಗಂಟೆ, ಒಂದು ವಾರವೂ ತಪ್ಪದೆ, ಪರೀಕ್ಷೆಯ ತಿಂಗಳಲ್ಲೂ ಬಿಡದೆ ದುಡಿದರೆ ಹುಡುಗ ತನ್ನ ಹೊಟ್ಟೆ, ತನ್ನ ಬಾಡಿಗೆ ನೋಡಿಕೊಳ್ಳಬಹುದು. ಊರಿನ ಸಾಲದ ಕಂತು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅದೂ ಕೆಲಸ ಸಿಕ್ಕಿದ ಮೇಲಿನ ಮಾತು. ಹೋದ ಮೊದಲ ತಿಂಗಳುಗಳು ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ತೆರಿಗೆ ನಂಬರ್, ಕೋಣೆ ಹುಡುಕಾಟದಲ್ಲೇ ಕಳೆದುಹೋಗುತ್ತವೆ.

ಹಣಕ್ಕಿಂತ ದೊಡ್ಡ ಕೊರತೆ ಸಮಯದ್ದು. ಇದು ಇಲ್ಲಿರುವವರಿಗೆ ಕಾಣುವುದಿಲ್ಲ. ಯುರೋಪಿನಲ್ಲಿ ಪದವಿಯನ್ನು ಕ್ರೆಡಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಎರಡು ವರ್ಷದ ಮಾಸ್ಟರ್ಸ್ ಎಂದರೆ 120 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಓದು ಎಂದು ಅವರ ಲೆಕ್ಕ. ಅಂದರೆ ಓದೇ ಒಂದು ಪೂರ್ಣ ಉದ್ಯೋಗದ ಹಾಗೆ, ವಾರಕ್ಕೆ ಹತ್ತಿರ ಹತ್ತಿರ 40 ಗಂಟೆ. ಅದರ ಮೇಲೆ 20 ಗಂಟೆ ಕೆಲಸ ಸೇರಿಸಿದರೆ 60 ಗಂಟೆ. ಮತ್ತೆ ಅಡುಗೆ, ಬಟ್ಟೆ, ಪ್ರಯಾಣ, ನಿದ್ದೆ? ಹೆಚ್ಚಿನ ಕಡೆ ಒಂದು ಕಡ್ಡಾಯ ವಿಷಯದ ಪರೀಕ್ಷೆಗೆ ಮೂರು ಅವಕಾಶ. ಮೂರರಲ್ಲೂ ಹೋದರೆ ಆ ಕೋರ್ಸಿನಿಂದ ಹೊರಗೆ. ವಾಸದ ಪರವಾನಿಗೆ ನವೀಕರಿಸುವಾಗಲೂ ಓದು ಎಲ್ಲಿಗೆ ಮುಟ್ಟಿದೆ ಎಂದು ಕೇಳುತ್ತಾರೆ. ಗಲ್ಫಿಗೆ ಹೋದವ ದುಡಿಯುವ ವೀಸಾದಲ್ಲಿ ಹೋದವ. ಜರ್ಮನಿಗೆ ಹೋದವ ಓದುವ ವೀಸಾದಲ್ಲಿ ಹೋದವ. ಓದು ಕೆಟ್ಟರೆ ಅಲ್ಲಿ ನಿಲ್ಲುವ ಹಕ್ಕೇ ಹೋಗುತ್ತದೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿ ಆಗುವುದಿಲ್ಲ.

ಅಲ್ಲಿ ವಿದ್ಯಾರ್ಥಿಗಳು ಮಾಡುವ ಕೆಲಸ ಯಾವುದು ಎಂದು ಕೆಲವರು ಕೇಳುತ್ತಾರೆ. ಜರ್ಮನ್ ಭಾಷೆ ಬಾರದಿದ್ದರೆ ಸಾಮಾನ್ಯವಾಗಿ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವುದು, ಸೂಪರ್ ಮಾರ್ಕೆಟ್‌ನಲ್ಲಿ ಸಾಮಾನು ಜೋಡಿಸುವುದು, ಸೈಕಲ್‌ನಲ್ಲಿ ಊಟ ತಲುಪಿಸುವುದು, ಹೊಟೇಲ್ ಅಡುಗೆ ಕೋಣೆಯಲ್ಲಿ ಪಾತ್ರೆ ತೊಳೆಯುವುದು. ಭಾಷೆ ಸ್ವಲ್ಪ ಬಂದರೆ ಕೆಫೆ, ಬೇಕರಿ ಕೌಂಟರ್, ದೊಡ್ಡ ವಸ್ತುಪ್ರದರ್ಶನಗಳಲ್ಲಿ ಸಹಾಯಕ, ಶಾಲಾ ಮಕ್ಕಳಿಗೆ ಟ್ಯೂಷನ್. ಭಾಷೆಯೂ ಬಂದು ವಿಷಯವೂ ಗಟ್ಟಿ ಇದ್ದರೆ ‘ವೆರ್ಕ್‌ಸ್ಟುಡೆಂಟ್’, ಅಂದರೆ ಕಂಪೆನಿಯಲ್ಲಿ ತಾನು ಕಲಿತ ವಿಷಯದಲ್ಲೇ ಅರೆಕಾಲಿಕ ಕೆಲಸ. ಸಂಬಳವೂ ಹೆಚ್ಚಾಗಿ ಕನಿಷ್ಠ ಕೂಲಿಗಿಂತ ಮೇಲೆ, ಓದು ಮುಗಿದ ಮೇಲೆ ಕಾಯಂ ಕೆಲಸಕ್ಕೂ ಅದೇ ಬಾಗಿಲು. ಜರ್ಮನಿಯಲ್ಲಿ ಪದವಿ ಪಡೆದವರಿಗೆ ಕೆಲಸ ಹುಡುಕಲು 18 ತಿಂಗಳು ಉಳಿಯುವ ಅವಕಾಶ ಉಂಟು. ಆ ಸಮಯದಲ್ಲಿ ನೆರವಿಗೆ ಬರುವುದು ಇಂತಹ ಅನುಭವ ಮತ್ತು ಭಾಷೆಯೇ.

ಪಾತ್ರೆ ತೊಳೆಯುವ ಕೆಲಸ ಎಂದಾಗ ಕೆಲವು ಮನೆಗಳಲ್ಲಿ ಮುಖ ಸಣ್ಣದಾಗುತ್ತದೆ. ‘ಬಿ.ಇ. ಮಾಡಿ ತಟ್ಟೆ ತೊಳೆಯುವುದಾ?’ ಎಂದು ಉಮ್ಮ ಬೇಸರಪಡುತ್ತಾರೆ. ಹುಡುಗರು ಅದಕ್ಕೇ ಹೇಳದೆ ಮುಚ್ಚಿಡುತ್ತಾರೆ. ಇದರಲ್ಲಿ ನಾಚಿಕೆಯ ಮಾತೇ ಇಲ್ಲ. ಅಲ್ಲಿ ಜರ್ಮನ್ ವಿದ್ಯಾರ್ಥಿಗಳೂ ಕೆಫೆಯಲ್ಲಿ, ಅಂಗಡಿಯಲ್ಲಿ ದುಡಿಯುತ್ತಾರೆ. ಕೈಯಿಂದ ದುಡಿದು ತಿನ್ನುವುದು ನಮ್ಮ ದೀನಿನಲ್ಲೂ ಮರ್ಯಾದೆಯ ವಿಷಯ. ನಾವು ಬೇಡ ಎನ್ನುವುದು ಕೆಲಸವನ್ನಲ್ಲ, ಕೆಲಸ ಓದನ್ನು ನುಂಗುವುದನ್ನು.

ಹಲಾಲಿನ ಪ್ರಶ್ನೆಯೂ ನಮ್ಮ ಮಕ್ಕಳಿಗೆ ಬರುತ್ತದೆ. ಹೊಟೇಲಿನಲ್ಲಿ ಬಿಯರ್ ಬಡಿಸಬೇಕಾದೀತು, ಅಂಗಡಿಯಲ್ಲಿ ಹಂದಿಮಾಂಸದ ಕೌಂಟರಿನಲ್ಲಿ ನಿಲ್ಲಬೇಕಾದೀತು. ಕೆಲಸಕ್ಕೆ ಸೇರುವ ಮೊದಲೇ ಏನು ಮಾಡಬೇಕು ಎಂದು ಕೇಳಿಕೊಳ್ಳುವುದು ಜಾಣತನ. ಜುಮಾದ ಹೊತ್ತಿನ ಶಿಫ್ಟ್ ಬದಲಾಯಿಸಿ ಕೊಡುತ್ತೀರಾ ಎಂದೂ ಆಗಲೇ ವಿನಯದಿಂದ ಕೇಳಬಹುದು. ಸಂದೇಹ ಬಂದರೆ ತಿಳಿದ ಆಲಿಮರನ್ನು ಕೇಳಲಿ, ಉಸ್ತಾದರಿಗೆ ಫೋನ್ ಮಾಡಲಿ. ಮುಚ್ಚಿಟ್ಟು ಒಳಗೊಳಗೇ ಕೊರಗುವುದು ಬೇಡ.

ಮುಖ್ಯವಾದ ಅಪಾಯ ಇನ್ನೊಂದು ಉಂಟು. ಊರಿನಿಂದ ‘ಮೋನೆ, ಈ ತಿಂಗಳು ಎಷ್ಟು ಕಳಿಸುತ್ತೀ?’ ಎಂಬ ಫೋನ್ ಬರುತ್ತಲೇ ಇದ್ದರೆ ಹುಡುಗ ಮಿತಿ ಮೀರಿ ದುಡಿಯಲು ನೋಡುತ್ತಾನೆ. ಲೆಕ್ಕಕ್ಕೆ ಬಾರದ ಗಂಟೆಗಳಿಗೆ ಕೈಯಲ್ಲಿ ನಗದು ಕೊಡುವವರು ಅಲ್ಲೂ ಇದ್ದಾರೆ. ಜರ್ಮನ್ನರು ಇದಕ್ಕೆ ‘ಶ್ವಾರ್ಟ್ಸ್‌ಆರ್ಬೈಟ್’, ಅಂದರೆ ಕಪ್ಪು ಕೆಲಸ ಎನ್ನುತ್ತಾರೆ. ಅದನ್ನು ಹಿಡಿಯಲು ಕಸ್ಟಮ್ಸ್ ಇಲಾಖೆಯಲ್ಲಿ ಪ್ರತ್ಯೇಕ ವಿಭಾಗವೇ ಉಂಟು. ಅಂಗಡಿ ಯಾರದ್ದೇ ಆಗಲಿ, ನಮ್ಮ ದೇಶದವರದ್ದಾಗಲಿ, ನಮ್ಮ ಜಮಾಅತಿನವರದ್ದಾಗಲಿ, ಒಪ್ಪಂದ ಪತ್ರ ಇಲ್ಲದೆ, ಸಂಬಳದ ಚೀಟಿ ಇಲ್ಲದೆ ದುಡಿಯಬಾರದು. ಕೆಲಸದಲ್ಲಿ ಗಾಯವಾದರೆ, ಸಂಬಳ ಕೊಡದೆ ಸತಾಯಿಸಿದರೆ, ಕಾಗದ ಇಲ್ಲದವನ ಮಾತು ನಿಲ್ಲುವುದು ಕಷ್ಟ. ಸಿಕ್ಕಿಬಿದ್ದರೆ ದಂಡ ಮಾತ್ರ ಅಲ್ಲ, ವಾಸದ ಪರವಾನಿಗೆಗೇ ಕುತ್ತು.

ಊಟ ತಲುಪಿಸುವ ಕೆಲಸದಲ್ಲೂ ಎಚ್ಚರ ಬೇಕು. ಕಂಪೆನಿ ನೌಕರನಾಗಿ ಸೇರಿಸಿಕೊಂಡರೆ ಸರಿ. ‘ನೀನು ಸ್ವಂತ ಉದ್ಯೋಗದವ, ಬಿಲ್ ಕೊಡು’ ಎಂದರೆ ಅದು ಬೇರೆ ವಿಷಯ. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ, ಫ್ರೀಲಾನ್ಸ್ ಮಾಡಲು ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು.

ಕಾನೂನಿನ ಒಳಗೆ ದುಡಿದವನಿಗೆ ಅಲ್ಲಿ ಹಕ್ಕುಗಳೂ ಉಂಟು. ಪಾರ್ಟ್ ಟೈಮ್ ಕೆಲಸಗಾರನಿಗೂ ಸಂಬಳ ಸಹಿತ ರಜೆ ಉಂಟು. ಕೆಲಸಕ್ಕೆ ಸೇರಿ ನಾಲ್ಕು ವಾರ ಆದ ಮೇಲೆ ಕಾಯಿಲೆ ಬಿದ್ದರೆ ಆರು ವಾರದವರೆಗೆ ಸಂಬಳ ಸಿಗುತ್ತದೆ. ಇದು ಮಾಲಕರ ಉಪಕಾರ ಅಲ್ಲ, ಕಾನೂನು. ವಿಶ್ವವಿದ್ಯಾಲಯಗಳ ಊರುಗಳಲ್ಲಿ ಕ್ಯಾಂಟೀನ್, ಹಾಸ್ಟೆಲ್ ನೋಡಿಕೊಳ್ಳುವ ಸ್ಟುಡಿಯರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆ ಇದೆ. ತೊಂದರೆ ಆದಾಗ ಅಲ್ಲಿ ಹೋಗಿ ಸಲಹೆ ಕೇಳಬಹುದು. ನಮ್ಮ ಮಕ್ಕಳಿಗೆ ಇದು ಹೋಗುವ ಮೊದಲೇ ತಿಳಿದಿರಬೇಕು.

ಹಾಗಾದರೆ ಎಷ್ಟು ದುಡಿಯುವುದು ಸರಿ? ಮೊದಲ ಸೆಮಿಸ್ಟರಿನಲ್ಲಿ ದುಡಿಮೆಗಿಂತ ಭಾಷೆಗೆ ಸಮಯ ಕೊಡಲಿ. ಅದರ ನಂತರ ವಾರಕ್ಕೆ ಹತ್ತು ಗಂಟೆಯ ‘ಮಿನಿಜಾಬ್’ ಸಾಕು. 2026ರಲ್ಲಿ ಮಿನಿಜಾಬ್‌ನ ಮಿತಿ ತಿಂಗಳಿಗೆ 603 ಯೂರೋ. ಊಟಕ್ಕೂ ವಿಮೆಗೂ ದೊಡ್ಡ ಆಧಾರ ಆಗುತ್ತದೆ. ಫೆಬ್ರವರಿ, ಮಾರ್ಚ್ ಮತ್ತು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಪಾಠ ಇಲ್ಲದ ವಾರಗಳು ಇರುತ್ತವೆ. ಪರೀಕ್ಷೆ ಮುಗಿದಿದ್ದರೆ ಆಗ ಸ್ವಲ್ಪ ಹೆಚ್ಚು ದುಡಿಯಲಿ. ಎರಡನೇ ವರ್ಷಕ್ಕೆ ಹಿವಿ ಅಥವಾ ವೆರ್ಕ್‌ಸ್ಟುಡೆಂಟ್ ಕೆಲಸಕ್ಕೆ ಪ್ರಯತ್ನಿಸಲಿ.

ಮನೆಯವರಿಗೆ ನಮ್ಮ ವಿನಂತಿ ಮೂರು. ಒಂದು, ಬ್ಲಾಕ್ಡ್ ಅಕೌಂಟಿಗೆ ಹಾಕುವ ಸುಮಾರು ಹನ್ನೆರಡು ಲಕ್ಷವನ್ನು ವೀಸಾಕ್ಕಾಗಿ ತೋರಿಸುವ ದುಡ್ಡು ಎಂದು ತಿಳಿಯಬೇಡಿ. ಕೈಗಡ ತಂದು ಹಾಕಿ, ಮಗ ಅಲ್ಲಿ ಮುಟ್ಟಿದ ಕೂಡಲೇ ‘ವಾಪಸ್ ಕಳಿಸು’ ಎನ್ನುವವರಿದ್ದಾರೆ. ಅದು ಅವನ ಒಂದು ವರ್ಷದ ಅನ್ನ. ಎರಡು, ಸಾಲ ಮಾಡುವುದಾದರೆ ಕಂತು ಓದು ಮುಗಿದು ಕೆಲಸ ಸಿಕ್ಕಿದ ಮೇಲೆ ಶುರುವಾಗುವ ಹಾಗೆ ನೋಡಿಕೊಳ್ಳಿ. ಎರಡು ವರ್ಷದ ಓದು ಎರಡೂವರೆ, ಮೂರು ವರ್ಷ ಆಗುವುದೂ ಉಂಟು. ಅಷ್ಟು ಸಮಯ ತಡೆದುಕೊಳ್ಳುವ ಶಕ್ತಿ ಮನೆಗೆ ಇಲ್ಲದಿದ್ದರೆ ಒಂದೆರಡು ವರ್ಷ ಇಲ್ಲಿ ದುಡಿದು, ಜರ್ಮನ್ ಕಲಿತು, ನಂತರ ಹೋಗಲಿ. ಅದರಲ್ಲಿ ನಷ್ಟ ಏನೂ ಇಲ್ಲ. ಮೂರು, ಫೋನಿನ ಮಾತು. ನಾವು ಇಶಾ ಕಳೆದು ಫೋನ್ ಮಾಡುವಾಗ ಅಲ್ಲಿ ಸಂಜೆ. ಹುಡುಗ ಕ್ಲಾಸ್ ಮುಗಿಸಿ ಶಿಫ್ಟಿಗೆ ಓಡುವ ಹೊತ್ತು. ಆಗ ಮೊದಲ ಪ್ರಶ್ನೆ ‘ಎಷ್ಟು ಸಿಕ್ಕಿತು?’ ಎಂದು ಆಗಬಾರದು. ಊಟ ಮಾಡಿದ್ದೀಯಾ, ನಿದ್ದೆ ಆಗುತ್ತದಾ, ಪರೀಕ್ಷೆ ಯಾವಾಗ, ಇಷ್ಟು ಕೇಳಿದರೆ ಸಾಕು.

ದುಡ್ಡು ಕಳಿಸಿಲ್ಲ ಎಂದು ಯಾರಾದರೂ ಮಜಲಿಸಿನಲ್ಲಿ, ಮದುವೆ ಮನೆಯಲ್ಲಿ ಆಡಿಕೊಂಡರೆ, ‘ಅವ ಓದಲು ಹೋಗಿದ್ದಾನೆ’ ಎಂದು ಬಾಪ ಧೈರ್ಯವಾಗಿ ಹೇಳಲಿ. ಆ ಒಂದು ಮಾತು ಅಲ್ಲಿ ಚಳಿಯಲ್ಲಿ ಬಸ್ಸಿಗೆ ಕಾಯುವ ಮಗನ ಹೆಗಲಿನಿಂದ ಎಷ್ಟೋ ಭಾರ ಇಳಿಸುತ್ತದೆ.