ಒಂದು ‘ಇಂದ’, ಆರು ಇಂಗ್ಲಿಷ್ ಪದ

ನಮ್ಮ ಕಡೆಯ ಯಾವುದಾದರೂ ಕೊರಿಯರ್ ಕವರ್ ತೆಗೆದು ನೋಡಿ. ವಿಳಾಸ ಹೀಗೆ ಶುರುವಾಗುತ್ತೆ: ‘ಎ/ಪಿ: ತೇರದಾಳ, ಜಿ: ಬಾಗಲಕೋಟೆ’. ಒಂದು ಕಾಲಕ್ಕೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಊರು ನೋಡಿ, ಮರಾಠಿಯ ‘ಮು. ಪೋ.’ ಬರೆಯುವ ಹಿರಿಯರೂ ಇದ್ದಾರೆ. ಆದರೆ ಹೆಚ್ಚು ಕಾಣೋದು ‘ಎ/ಪಿ’. ಅಂದ್ರೆ ‘ಆಟ್ ಆಂಡ್ ಪೋಸ್ಟ್’. ಹೀಗೆ ಒಂದು ಇಂಗ್ಲಿಷ್ ಪ್ರಿಪೊಸಿಷನ್ ನಮ್ಮ ಮನೆ ವಿಳಾಸದಲ್ಲೇ ಎಷ್ಟೋ ವರ್ಷದಿಂದ ಕೂತಿದೆ, ಯಾರಿಗೂ ಅದರ ಭಯ ಇಲ್ಲ. ಅದೇ ‘ಆಟ್’ ಪ್ರಶ್ನೆಪತ್ರಿಕೆಯ ಬಿಟ್ಟ ಸ್ಥಳಕ್ಕೆ ಬಂತೋ, ಮಕ್ಕಳ ಪೆನ್ನು ಅಲ್ಲೇ ನಿಲ್ಲುತ್ತೆ.

ಅಕ್ಕನ ಮಗಳು ತೇರದಾಳದಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಓದ್ತಿದ್ದಾಳೆ. ಗಣಿತದಲ್ಲಿ ಗಟ್ಟಿ. ಆದರೆ ಪಿಯುಸಿಗೆ ಸೈನ್ಸ್ ಮಾತ್ರ ಬೇಡ ಅಂತ ಹಟ. ಕಾರಣ ಕೇಳಿದ್ರೆ, “ಅಲ್ಲೆ ಎಲ್ಲಾ ಇಂಗ್ಲಿಷ್‌ನ್ಯಾಗ ಇರ್ತೈತಿ ಮಾಮಾ. ನಂಗ ಇನ್, ಆನ್, ಆಟ್ ಸೈತ ತಿಳಿಯಂಗಿಲ್ಲ” ಅಂದಳು. ಕ್ಲಾಸಲ್ಲಿ ಒಮ್ಮೆ ಎದ್ದು ನಿಂತು ‘ಶೀ ಈಸ್ ಆಂಗ್ರಿ ಆನ್ ಮಿ’ ಅಂದಾಗ ಹಿಂದಿನ ಬೆಂಚಿನವರು ನಕ್ಕರಂತೆ. ಅವತ್ತಿನಿಂದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬಾಯಿಗೆ ಬೀಗ. ಎರಡಕ್ಷರದ ಒಂದು ಪದಕ್ಕೆ ಹುಡುಗಿ ಒಂದು ದಾರಿಯನ್ನೇ ಬಿಡೋಕೆ ತಯಾರಾಗಿದ್ದಾಳೆ ಅಂತ ಗೊತ್ತಾದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಭಾನುವಾರ ಸಂಜೆ ವಿಡಿಯೊ ಕಾಲಿನಲ್ಲಿ ಪಾಠ ಶುರು ಮಾಡಿದೆವು.

ಮೊದಲು ಅವಳ ನೋಟ್‌ಬುಕ್ಕಿನ ಕೆಂಪು ಗೆರೆ ಇದ್ದ ಪುಟಗಳ ಫೋಟೋ ತರಿಸಿಕೊಂಡೆ. ನಮ್ಮ ಕೆಲಸದಲ್ಲಿ ಒಂದು ಅಭ್ಯಾಸ ಇದೆ: ಬಗ್ ಬಂದರೆ ಒಂದೊಂದನ್ನೇ ತಿದ್ದುತ್ತಾ ಕೂರೋದಲ್ಲ, ಇಪ್ಪತ್ತನ್ನು ಸಾಲಾಗಿ ಇಟ್ಟು ಎಲ್ಲಿಂದ ಹುಟ್ಟುತ್ತಿವೆ ಅಂತ ನೋಡೋದು. ಹಾಗೆ ನೋಡಿದರೆ ಅವಳ ತಪ್ಪುಗಳು ಮನಸ್ಸಿಗೆ ಬಂದಂತೆ ಬಿದ್ದ ತಪ್ಪುಗಳಾಗಿರಲಿಲ್ಲ. ಹೆಚ್ಚುಕಮ್ಮಿ ಪ್ರತಿಯೊಂದೂ ಕನ್ನಡದಲ್ಲಿ ಸರಿಯೇ. ‘ನನ್ನ ಮ್ಯಾಲ ಸಿಟ್ಟು’ ಅಂತ ನಾವು ಹೇಳ್ತೇವೆ, ಅವಳು ‘ಆಂಗ್ರಿ ಆನ್ ಮಿ’ ಬರೆದಳು. ‘ಎರಡು ದಿನದಿಂದ ಜ್ವರ’ ಅಂತೇವೆ, ಅವಳು ‘ಫ್ರಮ್ ಟೂ ಡೇಸ್’ ಬರೆದಳು. ‘ಲೆಕ್ಕದಾಗ ಶಾಣ್ಯಾಕಿ’ ಅಂತೇವೆ, ‘ಗುಡ್ ಇನ್ ಮ್ಯಾಥ್ಸ್’ ಬಂತು. ಹುಡುಗಿಗೆ ವ್ಯಾಕರಣ ಬರಲ್ಲ ಅನ್ನೋದು ಸುಳ್ಳು. ಕನ್ನಡದ ವ್ಯಾಕರಣ ಅವಳ ಕೈಯಲ್ಲಿ ಇಷ್ಟು ಗಟ್ಟಿಯಾಗಿದೆ ಅಂದ್ರೆ ಇಂಗ್ಲಿಷ್ ಬರೆಯುವಾಗಲೂ ಅದೇ ಓಡ್ತಾ ಇದೆ.

ತೊಂದರೆ ಇರೋದು ನಾವು ಕಲಿಸುವ ರೀತಿಯಲ್ಲಿ. ಗೈಡುಗಳಲ್ಲಿ ‘ಇನ್ ಎಂದರೆ ಒಳಗೆ, ಆನ್ ಎಂದರೆ ಮೇಲೆ, ಫ್ರಮ್ ಎಂದರೆ ಇಂದ’ ಅಂತ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸ್ತೇವೆ. ಇದು ನಮಗೆ ಹೊಸ ಚಾಳಿ ಏನಲ್ಲ. ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಅಂತ ವಿಭಕ್ತಿ ಒಪ್ಪಿಸಿದ್ದು ನೆನಪಿರಬೇಕು. ಆ ಐದನೆಯ ‘ದೆಸೆಯಿಂದ’ ನಿಮ್ಮಲ್ಲಿ ಯಾರಾದರೂ ಬಾಯಲ್ಲಿ ಆಡಿದ್ದೀರಾ? ಮರದ ದೆಸೆಯಿಂದ ಎಲೆ ಬಿತ್ತು ಅಂತ ನಮ್ಮಜ್ಜಿ ಒಮ್ಮೆಯೂ ಅಂದಿಲ್ಲ. ಸಂಸ್ಕೃತದಲ್ಲಿ ತೃತೀಯಾ, ಪಂಚಮೀ ಎರಡೂ ಬೇರೆ ಬೇರೆ ಇವೆ ಅಂತ ಕನ್ನಡದಲ್ಲೂ ಒಂದು ಖಾನೆ ಮಾಡಿ ತುಂಬಿದ್ದು ಅದು. ಕನ್ನಡವನ್ನು ಹೀಗೆ ಸಂಸ್ಕೃತದ ಅಳತೆಗೆ ಹೊಲಿಯಬಾರದು ಅಂತ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕವನ್ನೇ ಬರೆದರು. ಈಗ ನಾವು ಇಂಗ್ಲಿಷನ್ನು ಕನ್ನಡದ ಅಳತೆಗೆ ಹೊಲಿಯೋಕೆ ಹೊರಟಿದ್ದೇವೆ.

ಅದಕ್ಕೇ ಪಟ್ಟಿ ತಿರುಗಿಸಿ ಹಾಕಿದೆ. ಇಂಗ್ಲಿಷ್ ಪದದಿಂದ ಶುರು ಮಾಡೋದು ಬೇಡ, ನಮ್ಮ ಪ್ರತ್ಯಯದಿಂದ ಶುರು ಮಾಡೋಣ. ಒಂದು ಪುಟದ ಮೇಲೆ ‘ಇಂದ’ ಅಂತ ದೊಡ್ಡದಾಗಿ ಬರಿ ಅಂದೆ. ಅವಳ ಬಾಯಿಂದಲೇ ವಾಕ್ಯ ಬಂದವು. ಜಮಖಂಡಿಯಿಂದ ಬಂದೆ: ಇಲ್ಲಿ ‘ಫ್ರಮ್’ ಸರಿ. ಪೆನ್ನಿನಿಂದ ಬರೆದೆ: ‘ವಿತ್’. ಕಟ್ಟಿಗೆಯಿಂದ ಮಾಡಿದ ಮಗ್ಗ: ‘ಮೇಡ್ ಆಫ್’. ಟೀಚರಿಂದ ಹೊಗಳಿಸಿಕೊಂಡೆ: ‘ಬೈ’. ಎರಡು ವರ್ಷದಿಂದ ಕಲಿಯುತ್ತಿದ್ದೇನೆ: ‘ಫಾರ್’. ಸೋಮವಾರದಿಂದ ಜ್ವರ: ‘ಸಿನ್ಸ್’. ಒಂದು ‘ಇಂದ’, ಆರು ಪದ. ಏಳನೆಯದು ಅವಳೇ ಹುಡುಕಿದಳು: “‘ನನ್ನಿಂದ ಆಗಂಗಿಲ್ಲ’ ಅಂದ್ರ?” ಅದಕ್ಕೆ ಪ್ರಿಪೊಸಿಷನ್ನೇ ಬೇಡ, ‘ಐ ಕಾಂಟ್’ ಅಷ್ಟೆ. ಅದು ಅವಳಿಗೆ ಬಹಳ ಖುಷಿ ಕೊಟ್ಟಿತು. ಪ್ರಿಪೊಸಿಷನ್ ಇಲ್ಲದ ಜಾಗವೂ ಇದೆಯಲ್ಲ ಅಂತ ಇರಬೇಕು.

‘ಫಾರ್’, ‘ಸಿನ್ಸ್’ ಬಿಡಿಸಿಕೊಳ್ಳೋಕೆ ಕನ್ನಡದ ಪ್ರಶ್ನೆಯೇ ಸಾಕು. ಉತ್ತರ ‘ಎಷ್ಟು?’ ಅನ್ನೋದಕ್ಕೆ ಬಂದರೆ ‘ಫಾರ್’: ಎಷ್ಟು ದಿನ, ಎಷ್ಟು ವರ್ಷ. ‘ಯಾವಾಗಿನಿಂದ?’ ಅನ್ನೋದಕ್ಕೆ ಬಂದರೆ ‘ಸಿನ್ಸ್’: ಸೋಮವಾರ, ಜೂನ್, ಯುಗಾದಿ. ರಜಾ ಅರ್ಜಿಯಲ್ಲಿ ಇಡೀ ಕರ್ನಾಟಕ ಬರೆಯುವ ‘ಸಿನ್ಸ್ ಟೂ ಡೇಸ್’ ಇಷ್ಟರಲ್ಲೇ ತಿದ್ದಿಹೋಗುತ್ತೆ.

ಮುಂದಿನ ವಾರ ‘ಮೇಲೆ’ ಪುಟ. ಟೇಬಲ್ ಮೇಲೆ ಪುಸ್ತಕ ಇದ್ದರೆ ‘ಆನ್’. ಗೋಡೆ ಮೇಲೆ ಫೋಟೋ ಇದ್ದರೂ ‘ಆನ್’, ಯಾಕಂದ್ರೆ ಗೋಡೆಗೆ ತಾಗಿದೆ. ತಲೆಯ ಮೇಲೆ ಫ್ಯಾನ್ ಇದ್ದರೆ ‘ಆನ್’ ಅಲ್ಲ, ‘ಅಬವ್’ ಅಥವಾ ‘ಓವರ್’. ತಾಗಿದ್ದರೆ ನಿಮ್ಮ ತಲೆ ಉಳಿಯಲ್ಲ. ಗಿಡದ ಮೇಲಿನ ಹಕ್ಕಿ ಕೊಂಬೆ-ಎಲೆಗಳ ನಡುವೆ ಇರೋದರಿಂದ ‘ಇನ್ ದ ಟ್ರೀ’. ಇಲ್ಲಿ ನಮ್ಮ ಉತ್ತರ ಕರ್ನಾಟಕದ ಮಾತು ಸಹಾಯಕ್ಕೆ ಬಂತು. ನಾವು ‘ಗಿಡದಾಗ ಹಕ್ಕಿ ಐತಿ’ ಅಂತಲೂ ಹೇಳ್ತೇವಲ್ಲ.

ಬಸ್ಸಿನ ಪ್ರಶ್ನೆ ಬಂದೇ ಬಂತು. “ಕಾರಿನ್ಯಾಗ ಕುಂತ್ರ ಇನ್, ಬಸ್ಸಿನ್ಯಾಗ ಕುಂತ್ರ ಯಾಕ ಆನ್? ಬಸ್ಸಿನ ಟಾಪ್ ಮ್ಯಾಲ ಕುಂತಂಗ ಆಗಂಗಿಲ್ಲೇನು?” ನಮ್ಮ ಕಡೆ ಜಾತ್ರೆ ಟೈಮಿನಲ್ಲಿ ನಿಜಕ್ಕೂ ಟಾಪ್ ಮೇಲೆ ಕುಂತು ಬಂದವರಿದ್ದಾರೆ, ಹಾಗಾಗಿ ಅವಳ ಅನುಮಾನ ನ್ಯಾಯವೇ. ನೆನಪಿಗೆ ಒಂದು ಸುಲಭ ದಾರಿ: ಹತ್ತಿದ ಮೇಲೆ ಎದ್ದು ನಿಂತು ಓಡಾಡುವಂತಿದ್ದರೆ ‘ಆನ್’. ಬಸ್ಸು, ರೈಲು, ವಿಮಾನ. ಬಗ್ಗಿ ಒಳಗೆ ತೂರಿ ಕೂತಲ್ಲೇ ಕೂರಬೇಕಾದರೆ ‘ಇನ್’. ಕಾರು, ಟಂಟಂ. ಕಾಲು ಆಕಡೆ ಈಕಡೆ ಹಾಕಿ ಕೂರೋದಾದರೆ ಮತ್ತೆ ‘ಆನ್’: ಬೈಕು, ಕುದುರೆ. ಕಬ್ಬಿನ ಟ್ರ್ಯಾಕ್ಟರ್? ಡ್ರೈವರ್ ‘ಆನ್ ದ ಟ್ರ್ಯಾಕ್ಟರ್’, ಕಬ್ಬು ‘ಇನ್ ದ ಟ್ರೇಲರ್’. ಸೀಸನ್ನಿನಲ್ಲಿ ರಸ್ತೆ ಬದಿ ನಿಂತರೆ ಸಾಕು, ಪಾಠ ತಾನಾಗಿ ಸಾಲುಗಟ್ಟಿ ಬರುತ್ತೆ.

ಸಮಯದ ವಿಷಯಕ್ಕೆ ಬಂದಾಗ ನನಗೇ ಆಶ್ಚರ್ಯ ಆಯ್ತು. ‘ಆಟ್ ನೈನ್, ಆನ್ ಮಂಡೇ, ಇನ್ ಜೂನ್’ ಅಂತ ಇಂಗ್ಲಿಷಿನಲ್ಲಿ ಮೂರು ಪದ ಯಾಕೆ ಅಂತ ಮಕ್ಕಳು ಗೊಣಗ್ತಾರೆ. ಕನ್ನಡದಲ್ಲೂ ಮೂರೇ! ‘ಒಂಬತ್ತಕ್ಕೆ’, ‘ಸೋಮವಾರ’, ‘ಜೂನ್‌ನಲ್ಲಿ’. ಗಂಟೆಗೆ ‘ಕ್ಕೆ’, ತಿಂಗಳಿಗೆ ‘ಅಲ್ಲಿ’, ವಾರಕ್ಕೆ ಏನೂ ಇಲ್ಲ. ಸೋಮವಾರದಲ್ಲಿ ಬಾ ಅಂತ ಯಾರೂ ಕರೆಯಲ್ಲ. ಮದುವೆ ಕಾರ್ಡು ತೆಗೆಸಿದೆ. ‘ದಿನಾಂಕ 15ರಂದು, ಬೆಳಿಗ್ಗೆ 10 ಗಂಟೆಗೆ, ತೇರದಾಳದಲ್ಲಿ’. ರಂದು, ಗೆ, ಅಲ್ಲಿ. ಆನ್, ಆಟ್, ಇನ್. ಮೂರೂ ಕ್ರಮವಾಗಿ ಕೂತಿವೆ.

ಹಾಗಾದ್ರೆ ಊರಿನ ಹೆಸರಿಗೆ ‘ಇನ್’ ಆದರೆ ವಿಳಾಸದಲ್ಲಿ ‘ಎ/ಪಿ’ ಹೆಂಗೆ ಅಂತ ನೀವು ಕೇಳಬಹುದು. ಅಂಚೆಯವರಿಗೆ ಊರು ನಕಾಶೆಯ ಮೇಲಿನ ಒಂದು ಚುಕ್ಕಿ, ಹಾಗಾಗಿ ‘ಆಟ್’. ಅಲ್ಲಿ ಬದುಕುವವರಿಗೆ ಅದು ಸುತ್ತಲೂ ಹರಡಿದ ಜಾಗ: ಅಲ್ಲಮಪ್ರಭು ಗುಡಿ, ನೇಮಿನಾಥ ಬಸದಿ, ಸಂತೆ, ಮಗ್ಗದ ಸದ್ದು. ಆಗ ‘ಇನ್’. ಆ ಬಸದಿಯಲ್ಲಿ 12ನೇ ಶತಮಾನದ ಶಾಸನ ಇದೆ. ಆ ಕಾಲದ ಹಳಗನ್ನಡದಲ್ಲಿ ‘ಅಲ್ಲಿ’ ಬದಲು ‘ಒಳ್’ ಅನ್ನೋ ಪ್ರತ್ಯಯ ನಡೆಯುತ್ತಿತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ನಮ್ಮ ಹಾಗೇ ನಾಮಪದದ ಬಾಲಕ್ಕೆ ವಿಭಕ್ತಿ ಇತ್ತು. ಕಾಲಕ್ರಮೇಣ ಬಾಲ ಸವೆದು ಹೋಯ್ತು, ಆ ಕೆಲಸದ ಭಾರವೆಲ್ಲ ಮುಂದೆ ನಿಲ್ಲುವ ಚಿಕ್ಕ ಪದಗಳ ಮೇಲೆ ಬಿತ್ತು. ನಮ್ಮ ಬಾಲ ಇನ್ನೂ ಗಟ್ಟಿ ಇದೆ.

ಇದೆಲ್ಲ ಬರೀ ಇಂಗ್ಲಿಷ್ ಪೇಪರಿನ ನಾಲ್ಕು ಅಂಕದ ಮಾತಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವಳು ಹೆದರುವ ಸೈನ್ಸ್ ಪುಸ್ತಕ ತೆರೆದರೆ ಲೆಕ್ಕವೇ ಈ ಪದಗಳ ಮೇಲೆ ನಿಂತಿರುತ್ತೆ. ‘ಸಬ್‌ಟ್ರ್ಯಾಕ್ಟ್ 5 ಫ್ರಮ್ 12’ ಅಂದಾಗ ಕಣ್ಣಿಗೆ ಮೊದಲು ಬೀಳೋದು 5, ಆದರೆ ಕಳೆಯಬೇಕಾದ್ದು 12ರಲ್ಲಿ. ನಾವು ‘ಹನ್ನೆರಡರಾಗ ಐದು ಕಳಿ’ ಅಂತ ದೊಡ್ಡದನ್ನು ಮೊದಲು ಹೇಳಿ ರೂಢಿ, ಇಂಗ್ಲಿಷ್ ತಿರುವುಮುರುವು. 100 ರೂಪಾಯಿ ಬೆಲೆ ‘ರಿಡ್ಯೂಸ್ಡ್ ಬೈ 20’ ಆದರೆ 80 ಉಳಿಯಿತು, ‘ರಿಡ್ಯೂಸ್ಡ್ ಟು 20’ ಆದರೆ 20 ಮಾತ್ರ. ‘ಇಂಟು’ ಅಂತೂ ಪೂರಾ ನಮ್ಮದೇ ಆಗಿಬಿಟ್ಟಿದೆ: ನಮ್ಮಲ್ಲಿ ‘ತ್ರೀ ಇಂಟು ಟ್ವೆಲ್ವ್’ ಅಂದ್ರೆ 36. ‘ತ್ರೀ ಇಂಟು ಟ್ವೆಲ್ವ್ ಗೋಸ್ ಫೋರ್ ಟೈಮ್ಸ್’ ಅಂತ ಇಂಗ್ಲೆಂಡಿನವರು ಹೇಳಿದರೆ ಅದು ಭಾಗಾಕಾರ. ಈ ಉದಾಹರಣೆಗಳು ಬಂದಾಗ ಹುಡುಗಿ ಮೊದಲ ಸಲ ಫೋನ್ ಸ್ಟ್ಯಾಂಡಿಗೆ ಇಟ್ಟು ಪೆನ್ನು ಹಿಡಿದು ಕೂತಳು. ಲೆಕ್ಕ ಅವಳ ಸ್ವಂತ ಮನೆ.

ಇನ್ನೊಂದು ಮಾತು ಅವಳಿಗೆ ಹೇಳಿದೆ, ನಿಮಗೂ ಹೇಳ್ತೇನೆ. ನಮ್ಮ ಆಫೀಸುಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಓದಿದವರೇ ದಿನಾ ‘ಲೆಟ್ಸ್ ಡಿಸ್ಕಸ್ ಅಬೌಟ್ ದಿಸ್’ ಅಂತಾರೆ. ‘ಡಿಸ್ಕಸ್’ ಪಕ್ಕ ‘ಅಬೌಟ್’ ಬೇಡ. ಹಿಂದಿಯವರು ‘ಐ ವಿಲ್ ಫಿನಿಶ್ ಟಿಲ್ ಫ್ರೈಡೇ’ ಬರೀತಾರೆ, ಯಾಕಂದ್ರೆ ಅವರ ‘ತಕ್’ ಒಂದೇ ಪದ ಎರಡೂ ಕೆಲಸ ಮಾಡುತ್ತೆ. ನಮಗೆ ‘ಶುಕ್ರವಾರದೊಳಗೆ’ ಬೇರೆ, ‘ಶುಕ್ರವಾರದ ತನಕ’ ಬೇರೆ. ‘ಬೈ’ ಮತ್ತು ‘ಟಿಲ್’ ನಮಗೆ ಹುಟ್ಟಿನಿಂದ ಬಂದಿವೆ. ಯಾರೂ ನಗಬೇಕಾಗಿಲ್ಲ, ನಕ್ಕರೆ ಎಲ್ಲರಿಗೂ ಸರದಿ ಬರುತ್ತೆ.

ನಿಯಮಕ್ಕೆ ಸಿಗದ ಕೆಲವು ಉಳಿಯುತ್ತವೆ: ‘ಗುಡ್ ಆಟ್’, ‘ಅಫ್ರೇಡ್ ಆಫ್’, ‘ವೇಟ್ ಫಾರ್’, ‘ಲಿಸನ್ ಟು’, ‘ಆಂಗ್ರಿ ವಿತ್’. ಇವನ್ನು ಜೋಡಿಯಾಗಿಯೇ ನೆನಪಿಡಬೇಕು. ನಾವು ‘ನಾಯಿಗೆ ಅಂಜ್ತೀನಿ’ ಅಂತೇವೆ, ‘ನಾಯಿಯನ್ನು ನೋಡ್ತೀನಿ’ ಅಂತೇವೆ. ಅಂಜಿಕೆಗೆ ‘ಗೆ’ ಯಾಕೆ ಅಂತ ಯಾರೂ ನಮಗೆ ಕಲಿಸಿಲ್ಲ, ಸಾವಿರ ಸಲ ಕೇಳಿ ಬಂತು. ಹಾಗಾಗಿ ಬಿಟ್ಟ ಸ್ಥಳ ತುಂಬಿಸೋದು ನಿಲ್ಲಿಸಿದ್ದೇವೆ. ಅವಳು ದಿನಕ್ಕೆ ಎರಡು ಪೂರ್ತಿ ವಾಕ್ಯ ತನ್ನ ಮನೆಯ ಬಗ್ಗೆ ಬರೆದು, ಗಟ್ಟಿಯಾಗಿ ಓದಿ, ನನಗೆ ವಾಯ್ಸ್ ಮೆಸೇಜ್ ಕಳಿಸ್ತಾಳೆ. ನಿನ್ನೆಯದು: ‘ಮೈ ಮದರ್ ಈಸ್ ಆಂಗ್ರಿ ವಿತ್ ಮಿ ಸಿನ್ಸ್ ಮಾರ್ನಿಂಗ್’. ‘ಈಸ್’ ಜಾಗದಲ್ಲಿ ‘ಹ್ಯಾಸ್ ಬೀನ್’ ಬರಬೇಕಿತ್ತು. ಅದು ಬೇರೆ ಪಾಠ, ಇವತ್ತು ಬೇಡ ಅಂತ ಬಿಟ್ಟೆ.

ಸೈನ್ಸ್ ತಗೋತೀನಿ ಅಂತ ಅವಳು ಇನ್ನೂ ಹೇಳಿಲ್ಲ. ಬೇಡ ಅನ್ನೋದನ್ನು ನಿಲ್ಲಿಸಿದ್ದಾಳೆ. ಕಳೆದ ಭಾನುವಾರ ಜಗಳ ನಡೆದದ್ದು ‘ಇನ್ ದ ಮಾರ್ನಿಂಗ್, ಇನ್ ದ ಈವ್ನಿಂಗ್’ ಅಂದ ಮೇಲೆ ರಾತ್ರಿಗೆ ಮಾತ್ರ ‘ಆಟ್ ನೈಟ್’ ಯಾಕೆ ಅಂತ. ಸ್ವಲ್ಪ ಹೊತ್ತು ಯೋಚಿಸಿ ತಾನೇ ಅಂದಳು: “ಮುಂಜಾನಿ, ಸಂಜೀ ಮುಂದ ನೂರಾ ಎಂಟು ಕೆಲಸ ಇರ್ತಾವು ಮಾಮಾ. ರಾತ್ರಿ ಮಲ್ಕೊಂಡು ಎದ್ರ ಮುಗೀತು. ಅದೊಂದು ಚುಕ್ಕಿನ ಅಲ್ಲೇನು?”

ವ್ಯಾಕರಣ ಪುಸ್ತಕದಲ್ಲಿ ಹೀಗೆ ಬರೆದಿರಲ್ಲ. ನಾನು ರೈಟ್ ಹಾಕಿದೆ.