ಒಂದೇ ಕಪಾಟು ಸಾಲದು

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಗರಿ ಪ್ರತಿಯನ್ನು ಯಾವ ಶೀರ್ಷಿಕೆಯಡಿ ಇಡಬೇಕು? ತೆರಿಗೆ, ದಂಡನೀತಿ, ಆನೆಗಳ ಪಾಲನೆ ಎಲ್ಲವೂ ಅದರಲ್ಲುಂಟು. (ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು ಹೆಸರು ನೋಡಿಯೇ ಮೋಸಹೋದಾನು!) ಎಸ್.ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ವಿಷಯ, ಸ್ಥಳ, ಕಾಲಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಕೂಡಿಸುವ ದಾರಿ ತೋರಿತು.

ನಾನು ಸೇವೆಯಲ್ಲಿದ್ದಾಗ ಕೆರೆ ಒತ್ತುವರಿಯ ಕಡತವೊಂದು ‘ಕಂದಾಯ’ದಡಿ ಕುಳಿತು, ‘ನೀರಾವರಿ’ಯಲ್ಲಿ ಹುಡುಕಿದವರಿಗೆ ವರ್ಷಗಟ್ಟಲೆ ಸಿಗಲಿಲ್ಲ, ಅಷ್ಟರಲ್ಲಿ ಕೆರೆಯಂಗಳದಲ್ಲಿ ಮನೆಗಳೆದ್ದಿದ್ದವು. ಕನ್ನಡದ ಬರಹಗಳು ಗಣಕಕ್ಕೇರುತ್ತಿರುವ ಈ ಹೊತ್ತಿನಲ್ಲಿ ಪ್ರತಿ ಲೇಖನಕ್ಕೂ ಹಲವು ಗುರುತುಪದಗಳಿರಬೇಕು. ‘ಕೆರೆ’, ‘ಮೈಸೂರು’, ‘ಕಾನೂನು’ ಮೂರನ್ನೂ ಒಟ್ಟಿಗೆ ಕೇಳಿದರೆ ಬೇಕಾದಷ್ಟೇ ತೆರೆದುಕೊಳ್ಳಬೇಕು. ಆದರೆ ಒಬ್ಬರ ‘ಕೆರೆ’ ಮತ್ತೊಬ್ಬರಿಗೆ ‘ಜಲಾಶಯ’ವಾದರೆ ಈ ಜೋಡಣೆ ವ್ಯರ್ಥ. ಆದ್ದರಿಂದ ಗ್ರಂಥಪಾಲಕರು ಮೊದಲು ಪದಪಟ್ಟಿಯನ್ನು ಒಪ್ಪಿಕೊಳ್ಳಲಿ. ಯಂತ್ರಗಳ ಖರೀದಿ ಆಮೇಲಾಗಲಿ.