‘ಸುಳ್ಳು’ ಕುಸ್ತಿಯ ಪರವಾಗಿ ಎರಡು ಮಾತು

ಡಬ್ಲ್ಯುಡಬ್ಲ್ಯುಇ ನೋಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: ‘ಅದೆಲ್ಲಾ ಸುಳ್ಳ ಅದಲ್ಲೋ, ಏನಂತ ನೋಡ್ಲಕತ್ತಿ?’ ಕಮಲಾಪುರದಲ್ಲಿ ಮನೆಯವರು ಕೇಳುತ್ತಾರೆ, ಕಲಬುರಗಿಯ ಹಾಸ್ಟೆಲಿನಲ್ಲಿ ರೂಮಿನವರು ಕೇಳುತ್ತಾರೆ. ಎರಡೂ ಊರುಗಳ ನಡುವಿನ ಬಸ್ಸಿನಲ್ಲಿ ಮೊಬೈಲ್ ಹಿಡಿದು ಕುಳಿತರೆ ಪಕ್ಕದ ಸೀಟಿನ ಕಾಕಾ ಕೂಡ ಇಣುಕಿ ನೋಡಿ ಅದನ್ನೇ ಕೇಳುತ್ತಾರೆ. ಅದೇ ಮೊಬೈಲಿನಲ್ಲಿ ಫುಟ್‌ಬಾಲ್ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಫ್ಯಾಂಟಸಿ ತಂಡ ಕಟ್ಟುತ್ತಿದ್ದರಂತೂ ‘ಹುಡುಗಗ ತಲಿ ಅದ’ ಎಂಬ ಮೆಚ್ಚುಗೆ ಬೇರೆ.

ನಾನು ಮೂರಕ್ಕೂ ಅಭಿಮಾನಿ. ಇಷ್ಟು ವರ್ಷ ನೋಡಿದ ಮೇಲೆ ನನಗನ್ನಿಸುವುದು, ಜನ ಕೊಡುವ ಈ ಅಂಕಪಟ್ಟಿ ತಲೆಕೆಳಗಾಗಿದೆ ಎಂದು. ಒಂದು ಆಟ ನಿಜವೋ ಸುಳ್ಳೋ ಎಂದು ಕೇಳುವ ಮೊದಲು, ಅದು ಏನು ಕೊಡುತ್ತೇನೆಂದು ಹೇಳಿ ನಮ್ಮ ಸಮಯ, ದುಡ್ಡು ತೆಗೆದುಕೊಳ್ಳುತ್ತದೋ ಅದನ್ನೇ ಕೊಡುತ್ತದೆಯೇ ಎಂದು ಕೇಳಬೇಕು. ನಮ್ಮ ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ. ಬೇರೆ ಕಡೆ ಬೆಳೆದ ಬಾಳೆ ಕೆಟ್ಟದ್ದು ಎಂದು ಅದರ ಅರ್ಥವಲ್ಲ. ಬುಟ್ಟಿಯ ಮೇಲೆ ಯಾವ ಹೆಸರಿದೆಯೋ ಅದೇ ಹಣ್ಣು ಒಳಗಿರಬೇಕು, ಅಷ್ಟೆ. ಆಟಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ ನೋಡೋಣ.

ಮೊದಲು ಕುಸ್ತಿ. ಅದರ ಫಲಿತಾಂಶ ಮೊದಲೇ ನಿಗದಿಯಾಗಿರುತ್ತದೆ ಎಂಬುದು ಯಾರೋ ಪತ್ತೆ ಹಚ್ಚಿದ ಗುಟ್ಟಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಕಂಪನಿಯೇ ಒಪ್ಪಿಕೊಂಡಿತು, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು. ಕ್ರೀಡೆ ಎಂದರೆ ಸರ್ಕಾರದ ನಿಯಂತ್ರಣ, ತೆರಿಗೆ ಎಲ್ಲ ಮೈಮೇಲೆ ಬರುತ್ತಿದ್ದವು. ಅದನ್ನು ತಪ್ಪಿಸಿಕೊಳ್ಳಲು ನಿಜ ಹೇಳಿದರು. ಕಾರಣ ಏನೇ ಇರಲಿ, ಹೇಳಿದ್ದು ನಿಜವೇ. ಆ ಕಂಪನಿಯ ಹೆಸರಿನ ಕೊನೆಯ ‘ಇ’ ಅಕ್ಷರವೇ ಎಂಟರ್‌ಟೇನ್‌ಮೆಂಟ್ ಎಂದು ಸಾರುತ್ತದೆ.

ನಮ್ಮ ಕಡೆ ದೊಡ್ಡಾಟ ನೋಡುವವರು ‘ಕೀಚಕ ನಿಜವಾಗಿ ಸತ್ತನೇನು?’ ಎಂದು ಕೇಳುವುದಿಲ್ಲ. ಕೀಚಕ ಸಾಯುತ್ತಾನೆಂದು ಊರಿಗೆಲ್ಲ ಗೊತ್ತು. ಭೀಮನ ಪಾತ್ರಧಾರಿ ಹೇಗೆ ಬರುತ್ತಾನೆ, ಎಷ್ಟು ಹೊತ್ತು ಕಾಯಿಸುತ್ತಾನೆ, ಹೇಗೆ ಗುಡುಗುತ್ತಾನೆ ಎಂದು ನೋಡಲು ಜನ ಬೆಳತನಕ ಕೂತಿರುತ್ತಾರೆ. ಡಬ್ಲ್ಯುಡಬ್ಲ್ಯುಇ ಕೂಡ ಅಂಥದ್ದೇ ಆಟ. ಒಂದು ವ್ಯತ್ಯಾಸವಿದೆ: ಅಲ್ಲಿ ಕಥೆ ಕಟ್ಟಿದ್ದಾದರೂ ಬೀಳುವ ಮೈ ನಿಜದ್ದು. 1998ರ ಜೂನ್‌ನಲ್ಲಿ ಅಂಡರ್‌ಟೇಕರ್, ಮ್ಯಾನ್‌ಕೈಂಡ್ ಪಾತ್ರದ ಮಿಕ್ ಫೋಲಿಯನ್ನು ಸುಮಾರು 16 ಅಡಿ ಎತ್ತರದ ಪಂಜರದ ಮೇಲಿಂದ ಕೆಳಗೆ ಎಸೆದಾಗ ಮುರಿದ ಮೇಜು ನಿಜದ್ದು, ನೋವೂ ನಿಜದ್ದು. 1999ರ ಮೇನಲ್ಲಿ ಮೇಲಿಂದ ರಿಂಗಿಗೆ ಇಳಿಯುವ ಪ್ರವೇಶದ ದೃಶ್ಯದಲ್ಲಿ ಬಿದ್ದು ಓವನ್ ಹಾರ್ಟ್ ಸತ್ತೇ ಹೋದ. ‘ಸುಳ್ಳು’ ಎಂದು ನಗುವ ಮುಂಚೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2025ರ ಡಿಸೆಂಬರ್ 13ರಂದು ಜಾನ್ ಸೀನಾ ವಾಷಿಂಗ್ಟನ್‌ನಲ್ಲಿ ತನ್ನ ಕೊನೆಯ ಪಂದ್ಯ ಆಡಿದ. 17 ಸಲ ವಿಶ್ವ ಚಾಂಪಿಯನ್ ಆದವನು, ‘ಎಂದೂ ಸೋಲೊಪ್ಪಬೇಡ’ ಎಂದು ಅಂಗಿಯ ಮೇಲೆ ಬರೆದುಕೊಂಡು ವರ್ಷಗಟ್ಟಲೆ ತಿರುಗಿದವನು, ಗುಂಥರ್‌ನ ಹಿಡಿತದಲ್ಲಿ ಕೈ ತಟ್ಟಿ ಸೋಲೊಪ್ಪಿಕೊಂಡ. ಸಭಾಂಗಣದಲ್ಲಿದ್ದವರು ಕೂಗಾಡಿದರು. ನನ್ನ ಗೆಳೆಯರೂ ‘ಗೆಲ್ಲಿಸಿ ಕಳಿಸಬೇಕಾಗಿತ್ತು’ ಎಂದು ಸಿಟ್ಟಾದರು. ನನಗೆ ಅದು ಸರಿ ಎನ್ನಿಸಿತು. ಹೋಗುವವನು ಉಳಿಯುವವನಿಗೆ ಸೋತು ಹೋಗಬೇಕು ಎಂಬುದು ಆ ವೃತ್ತಿಯ ಹಳೆಯ ಪದ್ಧತಿ. ಬರೆದುಕೊಟ್ಟ ಸೋಲಾದರೂ, ದೊಡ್ಡವನು ಹಿಂದೆ ಸರಿದು ಜಾಗ ಬಿಡುವುದನ್ನು ನಮ್ಮ ಸುತ್ತಲಿನ ಎಷ್ಟು ಕ್ಷೇತ್ರಗಳಲ್ಲಿ ನೋಡುತ್ತೇವೆ?

ಅದೇ ಡಿಸೆಂಬರ್ 13ರಂದು ‘ನಿಜವಾದ’ ಆಟದ ಅತಿ ದೊಡ್ಡ ಆಟಗಾರ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿದ್ದ. ಲಯೊನೆಲ್ ಮೆಸ್ಸಿಯನ್ನು ನೋಡಲು ಜನ ಸಾವಿರಾರು ರೂಪಾಯಿ ಕೊಟ್ಟು ಬಂದಿದ್ದರು. ಕಂಡಿದ್ದೇನು? ಗಣ್ಯರು, ಫೋಟೊ ತೆಗೆಸಿಕೊಳ್ಳುವವರು ಸುತ್ತುವರಿದ ಗುಂಪು. ಅದರ ನಡುವೆ ಎಲ್ಲೋ ಮೆಸ್ಸಿ. ಅರ್ಧ ಗಂಟೆಯೂ ಆಗುವ ಮುಂಚೆ ಅವನನ್ನು ಕರೆದುಕೊಂಡು ಹೋದರು. ಜನ ಬಾಟಲಿ ಎಸೆದರು, ಕುರ್ಚಿ ಮುರಿದರು. ಕುರ್ಚಿ ಮುರಿದದ್ದು ತಪ್ಪು. ಆದರೆ ಬುಟ್ಟಿಯ ಮೇಲೆ ಮೆಸ್ಸಿ ಎಂದು ಬರೆದು, ಒಳಗೆ ಬೇರೆಯವರ ಸೆಲ್ಫಿ ಇಟ್ಟು ಮಾರಿದ್ದಕ್ಕೆ ಏನೆನ್ನಬೇಕು? ಅಂದು ಸಂಜೆ ಹೈದರಾಬಾದ್‌ನ ಕಾರ್ಯಕ್ರಮ ಶಾಂತವಾಗಿ ಮುಗಿಯಿತು ನಿಜ. ಅಲ್ಲಿಯೂ ಆಗಿದ್ದು ಪ್ರದರ್ಶನವೇ ಹೊರತು ಪಂದ್ಯವಲ್ಲ.

ಹೈದರಾಬಾದ್ ಹೆಸರು ಬಂದಾಗ ಕಲಬುರಗಿಯ ಫುಟ್‌ಬಾಲ್ ಅಭಿಮಾನಿಗೆ ಬೇರೊಂದು ನೋವೂ ಇದೆ. ಬೆಂಗಳೂರಿನ ಕಂಠೀರವಕ್ಕೆ ಹೋಗಿ ಸುನಿಲ್ ಚೆಟ್ರಿಯ ಆಟ ನೋಡಬೇಕೆಂದರೆ ನಮಗೆ ರಾತ್ರಿಯಿಡೀ ರೈಲು ಪ್ರಯಾಣ. ಹತ್ತಿರದ ಐಎಸ್‌ಎಲ್ ತಂಡವೆಂದರೆ ಹೈದರಾಬಾದ್ ಎಫ್‌ಸಿ. 2022ರ ಮಾರ್ಚ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಅದು ಚಾಂಪಿಯನ್ ಆಯಿತು. ಎರಡೇ ವರ್ಷದಲ್ಲಿ ಆಟಗಾರರಿಗೆ ಸಂಬಳವಿಲ್ಲ ಎಂಬ ಸುದ್ದಿ. 2025ರಲ್ಲಿ ತಂಡ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಅದೇ ವರ್ಷ ಜುಲೈನಲ್ಲಿ ಒಪ್ಪಂದದ ಗೊಂದಲದಿಂದ ಐಎಸ್‌ಎಲ್ಲನ್ನೇ ತಡೆಹಿಡಿದರು. ವರ್ಷ ಮುಗಿದರೂ ಲೀಗ್ ಶುರುವಾಗಲಿಲ್ಲ.

ಇದು ಕೇವಲ ಒಂದು ಕ್ಲಬ್ಬಿನ ಕಥೆಯಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಾಲದಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಅದರ ಕೋಚ್ ಸಯ್ಯದ್ ಅಬ್ದುಲ್ ರಹೀಂ. ನಾವು ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಅದೇ ರಹೀಂ ಸಾಹೇಬರ ಭಾರತ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಫುಟ್‌ಬಾಲ್ ಎಂದರೆ ಗೋವಾ, ಬಂಗಾಳ, ಕೇರಳದ್ದು, ನಮ್ಮದಲ್ಲ ಎನ್ನುವವರು ಇದನ್ನು ನೆನಪಿಡಬೇಕು. ನಮ್ಮ ಭಾಗಕ್ಕೂ ಈ ಆಟದ ನಂಟಿತ್ತು. ಅದನ್ನು ಉಳಿಸಿಕೊಳ್ಳಲಿಲ್ಲ, ಅಷ್ಟೆ.

ಹತ್ತಿರದಲ್ಲಿ ತಂಡವಿಲ್ಲದವನು ದೂರದ ತಂಡ ಹಿಡಿಯುತ್ತಾನೆ. ನಮ್ಮ ಹಾಸ್ಟೆಲಿನಲ್ಲಿ ಆರ್ಸೆನಲ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಎಂದು ಜಗಳಾಡುವವರು ಇರುವುದು ಇದೇ ಕಾರಣಕ್ಕೆ. ಅಲ್ಲಿಂದ ಮುಂದಿನ ಹೆಜ್ಜೆ ಫ್ಯಾಂಟಸಿ. ಇಲ್ಲಿ ಎರಡು ಬಗೆಗಳನ್ನು ಬೇರೆ ಮಾಡಿ ನೋಡಬೇಕು.

ಒಂದು, ಇಂಗ್ಲಿಷ್ ಪ್ರೀಮಿಯರ್ ಲೀಗ್ ತಾನೇ ನಡೆಸುವ ಉಚಿತ ಆಟ. 10 ಕೋಟಿ ಪೌಂಡ್ ಕಾಲ್ಪನಿಕ ಹಣದಲ್ಲಿ 15 ಆಟಗಾರರನ್ನು ಕೊಳ್ಳಬೇಕು. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಇರುವಂತಿಲ್ಲ. ನಾಯಕನ ಅಂಕ ದುಪ್ಪಟ್ಟು. ದುಬಾರಿ ಸ್ಟ್ರೈಕರ್ ಬೇಕೆಂದರೆ ಎಲ್ಲೋ ಅಗ್ಗದ ಡಿಫೆಂಡರ್ ಹುಡುಕಲೇಬೇಕು. ಹಾಗಾಗಿ ಪಟ್ಟಿಯ ತಳದಲ್ಲಿರುವ ತಂಡದ ಆಟವನ್ನೂ ಕಣ್ಣಿಟ್ಟು ನೋಡುತ್ತೀರಿ. ತಿಂಗಳ ಖರ್ಚು ತೂಗಿಸುವ ನಮ್ಮ ತಾಯಂದಿರಿಗೆ ಈ ಆಟ ಕೊಟ್ಟರೆ ಮೊದಲ ವಾರವೇ ನಮ್ಮನ್ನೆಲ್ಲ ಹಿಂದೆ ಹಾಕಿಯಾರು. ಸೋತರೆ ಹೋಗುವುದು ಮರ್ಯಾದೆ ಮಾತ್ರ, ಅದೂ ಮುಂದಿನ ಶನಿವಾರದವರೆಗೆ.

ಇನ್ನೊಂದು, ದುಡ್ಡು ಕಟ್ಟಿ ಆಡುವ ಫ್ಯಾಂಟಸಿ. ಅದು ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ನಾನು 2022ರ ವಿಶ್ವಕಪ್‌ನಲ್ಲಿ ನೋಡಿದೆ. ಅರ್ಜೆಂಟೀನಾ–ಪೋಲೆಂಡ್ ಪಂದ್ಯ, ನಡುರಾತ್ರಿ ದಾಟಿತ್ತು. ನಮ್ಮ ಗೆಳೆಯನೊಬ್ಬ ಮೆಸ್ಸಿಯ 10ನೇ ನಂಬರಿನ ಅಂಗಿ ತೊಟ್ಟು ಕೂತಿದ್ದ. ಮೆಸ್ಸಿ ಪೆನಾಲ್ಟಿ ಹೊಡೆದ. ಪೋಲೆಂಡ್ ಗೋಲ್‌ಕೀಪರ್ ಶೆಸ್ನಿ ತಡೆದ. ರೂಮಿನಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತರೆ ಮೆಸ್ಸಿ ಅಂಗಿಯವನೊಬ್ಬನೇ ಎದ್ದು ಕುಣಿದ. ಯಾವುದೋ ಆ್ಯಪ್‌ನಲ್ಲಿ ಅವನು ಕಟ್ಟಿದ್ದ ತಂಡದಲ್ಲಿ ಶೆಸ್ನಿ ಇದ್ದ. ದ್ವಿತೀಯಾರ್ಧದಲ್ಲಿ ಅರ್ಜೆಂಟೀನಾ ಎರಡು ಗೋಲು ಹೊಡೆದು ಗೆದ್ದಾಗ ನಾವು ಕುಣಿದೆವು, ಅವನು ಮುಖ ಸಣ್ಣ ಮಾಡಿಕೊಂಡು ಮೊಬೈಲ್ ನೋಡುತ್ತಿದ್ದ. ಆ ತಿಂಗಳು ಅವನ ಮೆಸ್ಸಿನ ದುಡ್ಡು ಬಾಕಿ ಉಳಿಯಿತು. ನನ್ನನ್ನು ಹೆಚ್ಚು ಕಾಡಿದ್ದು ಆ ದುಡ್ಡಲ್ಲ. ಬಾಲ್ಯದಿಂದ ಪ್ರೀತಿಸಿದ ಆಟಗಾರನ ಗೋಲು ತಪ್ಪಿದ್ದಕ್ಕೆ ಅವನು ಖುಷಿಪಟ್ಟನಲ್ಲ, ಅದು.

ಇದು ಜೂಜಲ್ಲ, ಕೌಶಲದ ಆಟ ಎಂಬುದು ಇಂಥ ಕಂಪನಿಗಳ ವಾದ. 2017ರಲ್ಲಿ ಪಂಜಾಬ್–ಹರಿಯಾಣ ಹೈಕೋರ್ಟ್ ಆ ವಾದ ಒಪ್ಪಿತ್ತು. ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದ ನಿಷೇಧದ ಕಾಯ್ದೆಯನ್ನು 2022ರ ಫೆಬ್ರುವರಿಯಲ್ಲಿ ನಮ್ಮ ಹೈಕೋರ್ಟ್ ಕೂಡ ರದ್ದುಮಾಡಿತು. ಕೌಶಲ ಬೇಕು ಎಂಬುದನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕ ನೋಡಿ: ಎಲ್ಲರೂ ಕಟ್ಟಿದ ಹಣದಲ್ಲಿ ಕಂಪನಿ ತನ್ನ ಪಾಲು ಮೊದಲೇ ತೆಗೆದಿಡುತ್ತದೆ. ಉಳಿದದ್ದರಲ್ಲಿ ದೊಡ್ಡ ಮೊತ್ತ ಲಕ್ಷಗಟ್ಟಲೆ ಜನರಲ್ಲಿ ಕೆಲವರ ಕೈಗೆ. ಅಂದಮೇಲೆ ಎಲ್ಲರೂ ಸೇರಿ ಗೆಲ್ಲುವುದು ಎಂದೂ ಕಟ್ಟಿದ್ದಕ್ಕಿಂತ ಕಡಿಮೆಯೇ. ಈ ಮಾತನ್ನು ಜಾಹೀರಾತಿನ ಕ್ರಿಕೆಟಿಗರು, ಸಿನಿಮಾ ನಟರು ಜೋರಾಗಿ ಹೇಳಿದ್ದನ್ನು ಕೇಳಿದ್ದೀರಾ? ಕೊನೆಯಲ್ಲಿ ಒಂದು ಎಚ್ಚರಿಕೆ, ಅದೂ ಕಿವಿಗೆ ಸಿಗದ ವೇಗದಲ್ಲಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಅಂಗೀಕರಿಸಿತು, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಶಿಕ್ಷೆ ಆಡಿಸುವವರಿಗೆ, ಆಡಿದವರಿಗಲ್ಲ. ಅದು ಸರಿಯಾದ ನಡೆ ಎಂದೇ ನನ್ನ ಅಭಿಪ್ರಾಯ. ಮುಂದಿನ ತಿಂಗಳ ಏಷ್ಯಾ ಕಪ್‌ನಲ್ಲಿ ಭಾರತದ ಕ್ರಿಕೆಟಿಗರು ಪ್ರಾಯೋಜಕರ ಹೆಸರಿಲ್ಲದ ಜೆರ್ಸಿ ತೊಟ್ಟು ಆಡಿದರು. ಟ್ರೋಫಿಯ ಪಂದ್ಯವನ್ನೂ ಗೆದ್ದರು. ಕಾನೂನಿನಿಂದಷ್ಟೇ ಈ ಚಟ ಹೋಗುತ್ತದೆ ಎಂದು ನಂಬುವಷ್ಟು ಮುಗ್ಧರು ನಾವಲ್ಲ. ಒಂದು ಬಾಗಿಲು ಮುಚ್ಚಿದರೆ ಹಿಂಬಾಗಿಲು ತೆರೆಯುವವರು ಇದ್ದೇ ಇರುತ್ತಾರೆ. ‘ಇದು ಕೌಶಲ’ ಎಂದು ಯಾರಾದರೂ ಹೊಸ ಲಿಂಕ್ ಕಳಿಸಿದರೆ ಪಾಲಿನ ಲೆಕ್ಕ ಕೇಳುವುದನ್ನು ನಾವೇ ಕಲಿಯಬೇಕು.

ಇಷ್ಟೆಲ್ಲ ಹೇಳಿ ಒಂದು ಆಟವನ್ನು ಬಿಟ್ಟರೆ ನ್ಯಾಯವಲ್ಲ. ನಮ್ಮ ಭಾಗದ ಜಾತ್ರೆಗಳಲ್ಲಿ ಜಂಗಿ ಕುಸ್ತಿ ನಡೆಯುತ್ತದೆ. ತೆಂಗಿನಕಾಯಿ ಬಹುಮಾನದ ಹುಡುಗರ ಜೋಡಿಯಿಂದ ಶುರುವಾಗಿ, ಬೆಳ್ಳಿ ಕಡಗದ ಕೊನೆಯ ಜೋಡಿಯವರೆಗೆ. ಇಬ್ಬರು ಪೈಲ್ವಾನರು ಒಳಗೊಳಗೇ ಮಾತಾಡಿಕೊಂಡಂತೆ ಕಂಡರೆ ಸುತ್ತ ನಿಂತ ಜನವೇ ಕೂಗಿ ಎಬ್ಬಿಸುತ್ತಾರೆ. ಅಲ್ಲಿ ಎಲ್ಲವೂ ನಿಜ: ಮಣ್ಣು, ಬೆವರು, ಚಿತ್ ಆದವನ ಬೆನ್ನು. ಆದರೆ ನನ್ನ ವಯಸ್ಸಿನವರು ಅಂಡರ್‌ಟೇಕರ್ ಎಷ್ಟು ರೆಸಲ್‌ಮೇನಿಯಾ ಸತತ ಗೆದ್ದ ಎಂದರೆ 21 ಎಂದು ಥಟ್ಟನೆ ಹೇಳುತ್ತಾರೆ. ತಮ್ಮೂರ ಜಾತ್ರೆಯಲ್ಲಿ ಈ ಸಲ ಕಡಗ ಗೆದ್ದವನ ಹೆಸರು ಕೇಳಿದರೆ ಮುಖ ಮುಖ ನೋಡುತ್ತಾರೆ. ‘ಅದು ಸುಳ್ಳು’ ಎಂದು ನಮ್ಮನ್ನು ಬೈಯುವ ಹಿರಿಯರಲ್ಲೂ ಎಷ್ಟು ಜನ ಗರಡಿಮನೆಗೆ ಒಂದು ಸೇರು ಹಾಲು ಕಳಿಸಿದ್ದಾರೆ?

ಹಾಗಾಗಿ ನನ್ನ ಅಂಕಪಟ್ಟಿ ಹೀಗಿದೆ. ಡಬ್ಲ್ಯುಡಬ್ಲ್ಯುಇ: ಆಟವೆಂದು ಹೇಳಿ ಆಟವನ್ನೇ ತೋರಿಸುತ್ತದೆ, ಪಾಸು. ಉಚಿತ ಫ್ಯಾಂಟಸಿ: ಪಾಸು, ಓದು ಬಿಟ್ಟು ಕೂರದಿದ್ದರೆ. ಹಣದ ಫ್ಯಾಂಟಸಿ: ಫೇಲು, ಮರುಪರೀಕ್ಷೆಯೂ ಬೇಡ. ಫುಟ್‌ಬಾಲ್: ಆಟಕ್ಕೆ ಪೂರ್ತಿ ಅಂಕ, ನಡೆಸುವವರಿಗೆ ಅಲ್ಲ. ಜಾತ್ರೆಯ ಕುಸ್ತಿ: ಮೊದಲ ರ‍್ಯಾಂಕ್, ಆದರೆ ಹಾಜರಾತಿ ಕಡಿಮೆ. ತಪ್ಪು ಅದರದ್ದಲ್ಲ.

ಜಿಲ್ಲಾಡಳಿತಕ್ಕೆ, ಕಾಲೇಜುಗಳಿಗೆ ನನ್ನದೊಂದು ಮನವಿಯಿದೆ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ವರ್ಷಕ್ಕೊಂದು ತಾಲ್ಲೂಕು ಮಟ್ಟದ ಫುಟ್‌ಬಾಲ್ ಲೀಗ್ ನಡೆಸಿ. ಕಮಲಾಪುರ, ಚಿತ್ತಾಪುರ, ಆಳಂದ, ಜೇವರ್ಗಿ, ಎಲ್ಲರೂ ಬರಲಿ. ದೊಡ್ಡ ಬಹುಮಾನ ಬೇಡ. ಎರಡು ಗೋಲ್ ಪೋಸ್ಟ್, ಒಬ್ಬ ರೆಫರಿ, ತಪ್ಪದ ವೇಳಾಪಟ್ಟಿ ಸಾಕು. ಟಿಕೆಟ್ ಇಟ್ಟರೂ ಕೊಂಡು ಬರುತ್ತೇವೆ. ಕಮಲಾಪುರದ ಹುಡುಗನೊಬ್ಬ ಆಳಂದದ ಗೋಲಿಗೆ ಚೆಂಡು ಹೊಡೆಯುವ ದಿನ, ಲಂಡನ್ನಿನ ಯಾವ ತಂಡದ ಅಂಕವೂ ನನಗೆ ನೆನಪಾಗಲಿಕ್ಕಿಲ್ಲ.